ನುಣುಪು ಮೇಸ್ತ್ರಿ ಮತ್ತು ನೆರಿಗೆಗಲ್ಲು

ನಮ್ಮ ಭಾವನ ಬಾಯಿ ಮುಚ್ಚಿಸಲು ಆಕಾಶದಿಂದ ಒಂದು ಉಲ್ಕೆಯೇ ಬೀಳಬೇಕಾಯಿತು. ಬಿದ್ದದ್ದೇನೋ ಕೋಟ್ಯಂತರ ವರ್ಷಗಳ ಹಿಂದೆಯೇ. ಫಲ ಸಿಗುವುದು ಸ್ವಲ್ಪ ತಡವಾಯಿತು, ಅಷ್ಟೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಲ್ಲು ಕಟ್ಟುವ ಕೆಲಸ. ಊರಿನವರ ಬಾಯಲ್ಲಿ ನುಣುಪು ಮೇಸ್ತ್ರಿ. ಒರಟು ಎಂಬುದನ್ನು ಕಂಡರೆ ಅವರಿಗಾಗದು. ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಅಂಗೈ ಸವರುತ್ತಾರೆ, ಆಮೇಲೆ ಕ್ಷೇಮ ಸಮಾಚಾರ. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದವರು, ದವಡೆ ಬೋಂಡದಂತೆ ಊದಿದ್ದರೂ, ‘ಡಾಕ್ಟ್ರೇ, ನಿಮ್ಮ ಕ್ಲಿನಿಕ್ ಗೋಡೆ ಹೊಟ್ಟೆ ಬಿಟ್ಟಿದೆ’ ಎಂದು ಹೇಳಿದ ಮೇಲೆಯೇ ಬಾಯಿ ತೆರೆದರು. ಆ ದಿನ ಡಾಕ್ಟರು ನೋವು ಕಾಣದಂತೆ ಕೊಡುವ ಸೂಜಿಯನ್ನು ಸ್ವಲ್ಪ ಜಿಪುಣತನದಿಂದಲೇ ಕೊಟ್ಟರು ಎಂದು ಅಕ್ಕನ ಅನುಮಾನ.

ನಾನು ಅದೇ ಮನೆಯ ಬೀದಿಬದಿಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುವವಳು. ಮದುವೆ ಬೇಡ ಎಂದೆ. ಯಾರೂ ಹೆಚ್ಚು ಒತ್ತಾಯ ಮಾಡಲಿಲ್ಲ, ನನ್ನ ನಾಲಿಗೆ ಎಂಥದೆಂದು ಎಲ್ಲರಿಗೂ ಗೊತ್ತಿತ್ತು. ಭಾವನ ಬಡಾಯಿಯನ್ನು ಎರಡು ಹೊತ್ತೂ ಊಟದ ಜೊತೆ ನುಂಗುವುದೇ ನಾನು ಆ ಕೋಣೆಗೆ ಕೊಡುತ್ತಿದ್ದ ಬಾಡಿಗೆ.

ಬಡಾಯಿಯ ತಿರುಳು ಒಂದೇ. ‘ನಾನು ಕಟ್ಟಿದ ಗೋಡೇಲಿ ಒಂದೇ ಒಂದು ನೆರಿಗೆಗಲ್ಲು ತೋರಿಸ್ಲಿ ನೋಡೋಣ. ಅವತ್ತೇ ಉಳಿ ಕೆಳಗಿಡ್ತೀನಿ.’

ನಮ್ಮ ಗುಡ್ಡದಿಂದ ಬರುವ ಸುಣ್ಣಗಲ್ಲಿನಲ್ಲಿ ಕೆಲವಕ್ಕೆ ಒಂದು ತುದಿಯಿಂದ ಹೊರಟು ಕುದುರೆಯ ಬಾಲದಂತೆ ಬಿಚ್ಚಿಕೊಳ್ಳುವ ಗೆರೆಗಳಿರುತ್ತವೆ. ಅದೇ ನೆರಿಗೆಗಲ್ಲು. ಕಲ್ಲುಕೆಲಸದವರು ಅದನ್ನು ರೋಗ ಎನ್ನುತ್ತಾರೆ. ಒಳಗೆ ಒಡೆದಿದೆ, ಭಾರ ತಡೆಯುವುದಿಲ್ಲ, ಗೋಡೆಗಿಟ್ಟರೆ ಮನೆ ಸೀಳುತ್ತದೆ ಎಂಬುದು ಅಪ್ಪ ಮಗನಿಗೆ, ಮಗ ಮೊಮ್ಮಗನಿಗೆ ಒಪ್ಪಿಸಿದ ಪಾಠ. ಪರೀಕ್ಷೆ ಮಾಡಿ ನೋಡಿದವರು ಯಾರೂ ಇಲ್ಲ. ಭಾವನ ಜೊತೆಗಾರನೊಬ್ಬ ಕಟ್ಟಿದ ಗೋಡೆಯಲ್ಲಿ ಅಂಥದೊಂದು ಕಲ್ಲು ಸಿಕ್ಕಾಗ ಭಾವ ಅದನ್ನು ಕೀಳಿಸಿ ಪುಡಿ ಮಾಡಿಸಿ, ನಡುಬೀದಿಯಲ್ಲಿ ನಿಂತು ಅವನ ಮಾನ ಹರಾಜು ಹಾಕಿದ್ದರು. ಅವನು ಕರಣೆ ಎಸೆದು ಪಂಕ್ಚರ್ ಅಂಗಡಿ ಇಟ್ಟ. ಈಗ ಊರಿಗೆಲ್ಲ ಪಂಕ್ಚರ್ ಅಣ್ಣ.

ಊರಿನ ವಿಷಯ ಹೇಳಬೇಕು. ನಮ್ಮದು ಬೋಗುಣಿಯೊಳಗೆ ಕೂತ ಊರು. ಸುತ್ತ ದಿಬ್ಬ, ಒಳಗೆ ತಗ್ಗು, ತಗ್ಗಿನ ನಟ್ಟನಡುವೆ ಆ ಬೋಳುಗುಡ್ಡ. ಬಸ್ಸು ಯಾವ ದಿಕ್ಕಿನಿಂದ ಬಂದರೂ ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು. ಹೀಗೇಕೆ ಎಂದು ಕೇಳುವಷ್ಟು ಬಿಡುವು ಯಾರಿಗೂ ಇರಲಿಲ್ಲ. ಶಾಲೆಯಲ್ಲಿ ಜ್ವಾಲಾಮುಖಿ ಎಂದರು, ನಾವು ಹಾಗೆಯೇ ಬರೆದು ಪಾಸಾದೆವು. ಗುಡ್ಡವನ್ನು ಮಾತ್ರ ಕ್ವಾರಿ ಸಾಹುಕಾರರು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದರು. ಸಿಡಿಮದ್ದು ಇಟ್ಟು ಇಟ್ಟು ಮುಕ್ಕಾಲು ಗುಡ್ಡವನ್ನು ಲಾರಿಗೆ ಹತ್ತಿಸಿದ್ದರು. ಉಳಿದದ್ದನ್ನು ಉಡಾಯಿಸಲು ಅನುಮತಿ ಕೇಳಿದ್ದರು.

ಆಗ ಬಂದವರು ಕಲ್ಲು ಮೇಡಂ. ಭೂವಿಜ್ಞಾನಿ. ಬೆನ್ನಿಗೆ ಚೀಲ, ಕೈಯಲ್ಲಿ ಪುಟ್ಟ ಸುತ್ತಿಗೆ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಗುಡ್ಡದ ಕಲ್ಲು ಬಲ್ಲವರು ಯಾರು ಎಂದು ವಿಚಾರಿಸಿಕೊಂಡು ನೇರ ನಮ್ಮ ಅಂಗಳಕ್ಕೇ ಬಂದರು. ಭಾವ ತೊಟ್ಟಿಯಲ್ಲಿ ಸುಣ್ಣ ಕಲಸುತ್ತಿದ್ದರು. ಮೇಡಂ ನೆಲದಿಂದ ಒಂದು ಹರಳು ಎತ್ತಿಕೊಂಡು, ಕೇಳದೆ ಹೇಳದೆ ತೊಟ್ಟಿಯೊಳಗೆ ಹಾಕಿದರು.

‘ನೋಡಿ, ಬಿದ್ದ ಜಾಗದಲ್ಲಿ ತಗ್ಗಾಯ್ತು, ಸುತ್ತ ಅಂಚು ಎದ್ದಿತು. ಆಮೇಲೆ ನಡುವೆ ಒಂದು ಮುದ್ದೆ ಮೇಲಕ್ಕೆ ನೆಗೀತಲ್ಲ? ಆಕಾಶದಿಂದ ಬೆಟ್ಟದಂಥ ಬಂಡೆ ಬಂದು ಅಪ್ಪಳಿಸಿದಾಗ ಇಲ್ಲೂ ಹಾಗೇ ಆಗಿದೆ. ಆ ಹೊಡೆತಕ್ಕೆ ಬಂಡೆನೂ ನೀರಿನ ಹಾಗೇ ಹರಿಯುತ್ತೆ. ತುಂಬಾ ಕೆಳಗಿದ್ದ ಪದರ ಮೇಲಕ್ಕೆ ಚಿಮ್ಮಿ ಹಾಗೇ ನಿಂತುಬಿಡ್ತು. ಅದೇ ನಿಮ್ಮ ಗುಡ್ಡ.’

‘ಅದಿರ್ಲಿ,’ ಎಂದರು ಭಾವ. ‘ನನ್ನ ಸುಣ್ಣದಲ್ಲಿ ಕಲ್ಲು ಹಾಕಿದ್ರಲ್ಲ, ಈಗ ಸೋಸೋರು ಯಾರು?’

ಮೇಡಂ ನಕ್ಕರೇ ಹೊರತು ಬಿಡಲಿಲ್ಲ. ಚಂದ್ರನ ಮೈಮೇಲೆ ಇಂಥ ಕುಳಿಗಳು ಲೆಕ್ಕವಿಲ್ಲದಷ್ಟಿವೆಯಂತೆ. ಭೂಮಿಯ ಮೇಲೂ ಬಿದ್ದಿವೆ, ಆದರೆ ಮಳೆ, ಗಾಳಿ, ಹೊಳೆ ಸೇರಿಕೊಂಡು ಅಳಿಸಿಹಾಕಿವೆ. ಖಚಿತವಾಗಿ ಗುರುತಾದದ್ದು ಇನ್ನೂರರ ಆಸುಪಾಸು ಮಾತ್ರ. ಮೈಲಿಗಟ್ಟಲೆ ಕೊರೆದರೂ ಸಿಗದ ಆಳದ ಪದರ ಇಲ್ಲಿ ತಾನಾಗಿ ಎದ್ದು ಬಿಸಿಲು ಕಾಯಿಸುತ್ತಿದೆ. ನಮ್ಮ ಊರು ಅಂಥದ್ದೆಂದು ಸಾಬೀತಾದರೆ ಉಳಿದ ಗುಡ್ಡಕ್ಕೆ ಯಾರೂ ಮದ್ದು ಇಡುವಂತಿಲ್ಲ.

‘ಅದಕ್ಕೇ ಕೇಳ್ತಿದ್ದೀನಿ. ಬಾಲದ ಹಾಗೆ ಗೆರೆ ಇರೋ ಕಲ್ಲು ನೋಡಿದ್ದೀರಾ?’

ಮುಗಿಯಿತು. ಗೆರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಭಾವ ಕೈ ಒರೆಸಿಕೊಂಡು ಶುರುಮಾಡಿದರು. ಅದು ರೋಗದ ಕಲ್ಲು, ಅಂಥದ್ದು ನನ್ನ ಕೈ ದಾಟಿಲ್ಲ, ಈ ಗೋಡೆ ಸವರಿ ನೋಡಿ, ಆ ಗೋಡೆ ಸವರಿ ನೋಡಿ. ಗೆರೆ ಯಾಕೆ ಬೇಕು ಎಂದು ಹೇಳಲು ಮೇಡಂ ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿದರು. ಭಾವನ ಎದುರು ಬಾಯಿ ತೆರೆದು ಗೆದ್ದವರನ್ನು ನಾನು ಕಂಡಿರಲಿಲ್ಲ.

ಕೊನೆಗೆ ಕ್ವಾರಿಯ ಹೊರಗಿನ ಕಸದ ರಾಶಿಯಲ್ಲಿ ಮೇಡಂಗೆ ಮಂಡಿಯೆತ್ತರದ ಒಂದೇ ಒಂದು ನೆರಿಗೆಗಲ್ಲು ಸಿಕ್ಕಿತು. ಗೆರೆಯಿದ್ದ ಪದರ ಎಂದೋ ಖಾಲಿಯಾಗಿತ್ತು. ಇನ್ನಷ್ಟು ಗುಡ್ಡದ ಬುಡದಲ್ಲಿದ್ದರೂ ಅಗೆಯಲು ಸಾಹುಕಾರರು ಬಿಡಬೇಕಲ್ಲ. ಹಿರಿಯ ವಿಜ್ಞಾನಿಗಳನ್ನು ಕರೆತರುತ್ತೇನೆ, ಅಲ್ಲಿಯವರೆಗೆ ಜೋಪಾನ ಎಂದು ಕಲ್ಲನ್ನು ಪುರಸಭೆಗೆ ಒಪ್ಪಿಸಿ ಹೋದರು. ದೊಡ್ಡವರು ಬರುತ್ತಾರೆಂದರೆ ಪುರಸಭೆ ಅಧ್ಯಕ್ಷರು ಸುಮ್ಮನಿರುತ್ತಾರೆಯೇ? ಕಚೇರಿಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಪರದೆ ಎಂದು ತೀರ್ಮಾನಿಸಿ, ಊರಿನ ಅತ್ಯುತ್ತಮ ಮೇಸ್ತ್ರಿಗೆ ಕೆಲಸ ವಹಿಸಿದರು.

ಭಾವ ಆ ಕಲ್ಲನ್ನು ಕೈಗಾಡಿಯಲ್ಲಿ ಮನೆಗೆ ತಂದು ಅಂಗಳದಲ್ಲಿ ಇಳಿಸಿ, ಅಕ್ಕನನ್ನು ಕರೆದು ತೋರಿಸಿದರು.

‘ಪಾಪ, ಅಷ್ಟು ಓದಿದ ಹೆಣ್ಣುಮಗಳಿಗೆ ಸಿಕ್ಕಿದ್ದು ರೋಗದ ಕಲ್ಲು. ದೊಡ್ಡೋರ ಮುಂದೆ ಆಕೆ ಮರ್ಯಾದೆನೂ ಹೋಗುತ್ತೆ, ಊರಿಂದೂ ಹೋಗುತ್ತೆ.’

‘ಅವರು ಇದನ್ನೇ ಹುಡುಕ್ತಿದ್ರಲ್ರೀ. ಕೇಳಿಬಿಟ್ಟು ಮುಟ್ಟಿ,’ ಎಂದಳು ಅಕ್ಕ.

‘ಕಲ್ಲಿನ ವಿಷಯ ನನಗೆ ಹೇಳ್ಕೊಡ್ತೀಯಾ?’ ಎಂದು ಭಾವ ಉಳಿ ಹದ ಮಾಡಿಕೊಂಡರು. ಎಷ್ಟೋ ಕೋಟಿ ವರ್ಷ ಮಳೆಗೂ ಬಿಸಿಲಿಗೂ ಬಗ್ಗದೆ ಉಳಿದಿದ್ದ ಗೆರೆಗಳು ನಮ್ಮ ಭಾವನ ಶ್ರದ್ಧೆಯ ಮುಂದೆ ಒಂದು ವಾರ ಬಾಳಲಿಲ್ಲ. ಕೆತ್ತಿದರು, ತೀಡಿದರು, ನೀರು ಹಾಕಿ ಉಜ್ಜಿದರು. ನಾನು ಯಂತ್ರದ ಮುಂದೆ ಕೂತು ಆ ಸದ್ದಿಗೆ ಬೈದುಕೊಂಡೆ, ಅಷ್ಟೆ. ಎದ್ದು ಹೋಗಿ ತಡೆಯಬೇಕೆಂದು ನನಗೂ ಅನಿಸಲಿಲ್ಲ.

ಪರದೆ ಸರಿಸುವ ದಿನ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟ್ಟೆಯ ಪಕ್ಕದಲ್ಲೇ ನಿಂತರು, ಹೊಗಳಿಕೆ ಬಂದರೆ ಹುಡುಕುವ ತೊಂದರೆ ಯಾರಿಗೂ ಬೇಡ ಎಂದು. ಅಧ್ಯಕ್ಷರು ಬಟ್ಟೆ ಎಳೆದರು. ಕಲ್ಲು ಕನ್ನಡಿಯಂತೆ ಹೊಳೆಯಿತು. ಅಧ್ಯಕ್ಷರು ಅದರಲ್ಲಿ ಮೀಸೆ ನೋಡಿಕೊಂಡು ಚಪ್ಪಾಳೆ ತಟ್ಟಿದರು. ಹಿರಿಯ ವಿಜ್ಞಾನಿಗಳು ಒಬ್ಬರ ಮುಖ ಒಬ್ಬರು ನೋಡಿದರು.

ಮೇಡಂ ಮುಖ ಸುಣ್ಣದಂತಾಗಿತ್ತು. ‘ಮೇಸ್ತ್ರಿ, ಇದರ ಮೇಲೆ ಗೆರೆ ಇತ್ತಲ್ಲ?’

‘ಇತ್ತು ಮೇಡಂ. ಒಂದೂ ಬಿಡದ ಹಾಗೆ ತೆಗೆದಿದ್ದೀನಿ.’

ಕಲ್ಲನ್ನು ಒಡೆದೂ ನೋಡಿದರು. ಒಳಗೆ ಏನೂ ಉಳಿದಿರಲಿಲ್ಲ. ಅಪ್ಪಳಿಸಿದ ಕಲ್ಲಿನ ಗುರುತನ್ನು ಕೆಲವು ಕಡೆ ಬೆಣಚುಕಲ್ಲಿನ ಕಣದಲ್ಲಿ ಸೂಕ್ಷ್ಮದರ್ಶಕ ಹಾಕಿ ಹುಡುಕಬಹುದಂತೆ. ಈ ಸುಣ್ಣಗಲ್ಲಿನಲ್ಲಿ ಬೆಣಚು ಇಲ್ಲ. ಇಲ್ಲಿ ಸಾಕ್ಷಿ ಹೇಳುವುದು ಆ ನೆರಿಗೆ ಮಾತ್ರ. ಜ್ವಾಲಾಮುಖಿಯಾಗಲಿ ಭೂಕಂಪವಾಗಲಿ ಅಂಥ ಗೆರೆ ಎಳೆಯಲಾರವು. ಮೇಡಂ ಮೊದಲೇ ತೆಗೆದಿದ್ದ ಫೋಟೋ ನೋಡಿ ತೀರ್ಪು ಕೊಡಲಾಗದು ಎಂದು ಹಿರಿಯರು ಕಾರು ಹತ್ತಿದರು.

ಮರುದಿನ ಮೇಡಂ ನಮ್ಮ ಅಂಗಳದಲ್ಲಿ ಕೂತು ಕಲ್ಲಿನ ಪುಡಿ ಜಾಲಾಡುತ್ತಿದ್ದರು. ಭಾವ ಸುತ್ತಮುತ್ತ ಸುಳಿದಾಡಿ ಕೊನೆಗೆ ಹೇಳಿದರು, ‘ಗೆರೆ ತಾನೇ ಮೇಡಂ ಬೇಕಾಗಿದ್ದು? ಅದಕ್ಯಾಕೆ ಇಷ್ಟು ಬೇಜಾರು? ಹಾಕಿಕೊಡ್ತೀನಿ.’

ಹಾಕಿಯೂ ಕೊಟ್ಟರು! ಇನ್ನೊಂದು ಕಲ್ಲು ತೆಗೆದುಕೊಂಡು ಅತ್ಯಂತ ಸಣ್ಣ ಉಳಿಯಲ್ಲಿ ಬಾಲದಂತೆ ಗೆರೆ ಕೊರೆದು ತಂದು ಮುಂದಿಟ್ಟರು. ಮೇಡಂ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಆಮೇಲೆ ಪುಡಿಯಲ್ಲಿ ಸಿಕ್ಕ ಉಗುರಿನಷ್ಟು ಹಳೆಯ ಚೂರನ್ನು ಅಂಗೈ ಮೇಲಿಟ್ಟು ಭೂತಗನ್ನಡಿ ಕೊಟ್ಟರು. ‘ಇಷ್ಟರಿಂದ ಏನೂ ಸಾಬೀತಾಗಲ್ಲ. ಆದ್ರೆ ನೀವು ನೋಡಿ.’

ಭಾವ ನೋಡಿದರು. ಒಂದು ಗೆರೆ ಒಡೆದು ಎರಡಾಗಿ, ಎರಡು ಮತ್ತೆ ಕವಲಾಗಿ, ಆ ಕವಲಿನೊಳಗೆ ಮತ್ತೂ ಸಣ್ಣ ಕವಲು. ಎಷ್ಟು ದಿಟ್ಟಿಸಿದರೂ ಮುಗಿಯದು. ತಮ್ಮ ಕೆತ್ತನೆಯನ್ನೂ ನೋಡಿದರು. ಅದು ಬೆಕ್ಕು ಪರಚಿದಂತಿತ್ತು.

‘ಇದನ್ನ ಮಾಡೋಕೆ ಎಷ್ಟು ಹೊತ್ತು ಹಿಡೀತು ಮೇಡಂ?’

‘ಕಣ್ಣು ರೆಪ್ಪೆ ಬಡಿಯೋಷ್ಟೂ ಇಲ್ಲ. ಹೊಡೆತ ಬಂಡೆಯೊಳಗೆ ಹಾದು ಹೋಯ್ತು, ಗೆರೆ ಮೂಡ್ತು.’

ಭಾವ ಜೀವಮಾನವಿಡೀ ಕಲ್ಲಿಗೆ ಹೊಡೆದವರು. ತಮಗಿಂತ ಚೆನ್ನಾಗಿ ಹೊಡೆದವರನ್ನು ಅಂದೇ ಮೊದಲು ಕಂಡದ್ದು. ಹೊರಡುವಾಗ ಮೇಡಂ ಕೇಳಿದರು, ‘ಯಾವ ಗೋಡೇಲಾದ್ರೂ ಅಂಥದ್ದು ಇದ್ರೆ ಹೇಳಿ ಮೇಸ್ತ್ರಿ. ಗುಡ್ಡ ಉಳಿಯುತ್ತೆ.’ ಭಾವ ನೆಲ ನೋಡುತ್ತಾ, ‘ನನ್ನ ಗೋಡೇಲಿ ಇಲ್ಲ’ ಎಂದರು. ಇಷ್ಟು ಸಣ್ಣ ದನಿಯಲ್ಲಿ ಅವರು ಆ ಮಾತು ಹೇಳಿದ್ದೇ ಇಲ್ಲ.

ಊರು ತನ್ನ ಕೆಲಸ ಮಾಡಿತು. ಮೇಸ್ತ್ರಿ ಸಾಹುಕಾರರ ಜೊತೆ ಸೇರಿಕೊಂಡು ಕಲ್ಲು ಕೆಡಿಸಿದ ಎಂದಿತು. ಸಾಹುಕಾರರು ಕೃತಜ್ಞತೆಯಿಂದ ಒಂದು ದೊಡ್ಡ ಫ್ಯಾನನ್ನು ನಮ್ಮ ಮನೆಗೆ ಕಳಿಸಿ ಆ ಗುಮಾನಿಗೆ ಮುದ್ರೆಯನ್ನೂ ಒತ್ತಿದರು. ಅಕ್ಕ ಪೆಟ್ಟಿಗೆ ಬಿಚ್ಚದೆ ವಾಪಸು ಕಳಿಸಿದಳು. ಆದರೆ ಫ್ಯಾನು ಬಂದದ್ದನ್ನು ಬೀದಿ ನೋಡಿತ್ತು, ಹೋದದ್ದನ್ನು ನೋಡಲಿಲ್ಲ. ವಿಚಿತ್ರವೆಂದರೆ ಕಳ್ಳ ಎನಿಸಿಕೊಂಡದ್ದಕ್ಕೆ ಭಾವ ಅಷ್ಟೇನೂ ನೊಂದುಕೊಳ್ಳಲಿಲ್ಲ. ಕೆಲಸ ಗೊತ್ತಿಲ್ಲದವನು ಎಂದು ಯಾರೂ ಅನ್ನಲಿಲ್ಲವಲ್ಲ, ಅಷ್ಟು ಸಾಕಿತ್ತು.

ಗುಡ್ಡ ಉಡಾಯಿಸುವ ಮೊದಲು ಪುರಸಭೆಯಲ್ಲಿ ಅಹವಾಲು ಸಭೆ ಕರೆದರು. ಹಿಂದಿನ ದಿನ ಸಾಹುಕಾರರೇ ನಮ್ಮ ಜಗಲಿಗೆ ಬಂದು ಕೂತರು.

‘ನೀವು ಹೊಸದೇನೂ ಹೇಳೋದು ಬೇಡ ಮೇಸ್ತ್ರಿ. ದಿನಾ ಹೇಳೋದನ್ನೇ ಹೇಳಿ. ಗುಡ್ಡದ ಕಲ್ಲೆಲ್ಲ ನಿಮ್ಮ ಗೋಡೇಲಿದೆ. ನಿಮ್ಮ ಗೋಡೇಲಿ ನೆರಿಗೆ ಇಲ್ಲ. ಅಂದ್ಮೇಲೆ ಗುಡ್ಡದಲ್ಲೂ ಇರ್ಲಿಲ್ಲ. ಕಸದಲ್ಲಿ ಸಿಕ್ಕಿದ್ದು ಎಲ್ಲಿಂದಲೋ ಬಂದಿದ್ದು. ಸರಿ ತಾನೇ?’

ಅಂದು ಭಾವ ಬಡಾಯಿಯಿಲ್ಲದೆಯೇ ಊಟ ಮುಗಿಸಿ ಎದ್ದರು. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆ. ನನ್ನ ಬುದ್ಧಿ ಓಡಿದ್ದು ಅಲ್ಲಿಗೇ.

ಸಭೆ ನಡೆಸಲು ಬಂದಿದ್ದ ಗಣಿ ಇಲಾಖೆಯ ಅಧಿಕಾರಿ ಸುತ್ತಿ ಬಳಸಲಿಲ್ಲ. ‘ನೀವು ಕಟ್ಟಿದ ಗೋಡೆಗಳಲ್ಲಿ ಗೆರೆ ಇರೋ ಕಲ್ಲು ಇದೆಯಾ?’

ಭಾವ ಎದ್ದು ನಿಂತು, ಅಭ್ಯಾಸಬಲದಿಂದ ಮುಂದಿದ್ದ ಮೇಜಿಗೆ ಅಂಗೈ ಸವರಿದರು. ಸಾಹುಕಾರರು ಮುಗುಳ್ನಗುತ್ತಾ ಕೂತಿದ್ದರು. ಮೇಡಂ ಆಗಲೇ ಚೀಲಕ್ಕೆ ಕೈ ಹಾಕಿ ಹೊರಡುವ ತಯಾರಿಯಲ್ಲಿದ್ದರು.

‘ಇದೆ,’ ಎಂದರು ಭಾವ.

‘ಯಾವ ಮನೇಲಿ?’

‘ಯಾವ ಮನೇಲಿ ಇಲ್ಲ ಅಂತ ಕೇಳಿ ಸ್ವಾಮಿ. ಗುಡ್ಡದಲ್ಲಿ ಅರ್ಧಕ್ಕರ್ಧ ಕಲ್ಲು ಹಾಗೇ ಬರ್ತಿತ್ತು. ಎಲ್ಲಾ ಎಸ್ದಿದ್ರೆ ಒಂದು ಮನೆನೂ ಮೇಲೇಳ್ತಿರ್ಲಿಲ್ಲ. ಮುಖ ಒಳಗೆ ಮಾಡಿ ಇಟ್ಟೆ, ಮೇಲೆ ಗಾರೆ ಮೆತ್ತಿದೆ. ಒಂದು ಗೋಡೆನೂ ಸೀಳಿಲ್ಲ. ಅದು ರೋಗ ಅಲ್ಲ ಅಂತ ನನಗೆ ಅವಾಗ್ಲೇ ತಿಳೀಬೇಕಿತ್ತು.’

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಕೆಟ್ಟ ಹೊಲಿಗೆಯನ್ನು ಒಳಮೈಗೆ ತಿರುಗಿಸಿ ಹೊಟ್ಟೆ ಹೊರೆಯುವವಳು ನಾನು. ನನಗೂ ಹೊಳೆಯಲಿಲ್ಲವಲ್ಲ! ‘ಮೇಸ್ತ್ರಿಗೆ ತಲೆ ಕೆಟ್ಟಿದೆ’ ಎಂದು ಸಾಹುಕಾರರು ಕುರ್ಚಿಯಿಂದ ಎಗರಿದರು. ಭಾವ ಅವರತ್ತ ನೋಡಲೂ ಇಲ್ಲ. ‘ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಮ್ಮ ಮನೆಗೇ ಬನ್ನಿ’ ಎಂದು ನಡೆದೇಬಿಟ್ಟರು.

ಸಭೆಗೆ ಸಭೆಯೇ ನಮ್ಮ ಅಡುಗೆಮನೆಗೆ ಬಂತು. ಪಂಕ್ಚರ್ ಅಣ್ಣನೂ ಅಂಗಡಿ ಬಿಟ್ಟು ಓಡಿ ಬಂದ. ಭಾವ ಬಾಗಿಲ ಹಿಂದಿನ ಮೂಲೆ ಹುಡುಕಿಕೊಂಡು ಉಳಿ ಇಟ್ಟರು. ಮಾನ ಹೋಗುವುದಾದರೂ ಮೂಲೆಯಲ್ಲಿ ಹೋಗಲಿ ಎಂದಿರಬೇಕು. ಪೆಟ್ಟು ಎರಡು ಸಲ ತಪ್ಪಿತು.

‘ಅಲ್ಯಾಕೆ ಕಷ್ಟ ಪಡ್ತೀರಿ?’ ಎಂದಳು ಅಕ್ಕ. ಪಾತ್ರೆ ಜೋಡಿಸಿದ್ದ ಸ್ಟ್ಯಾಂಡನ್ನು ಪಕ್ಕಕ್ಕೆಳೆದಳು. ‘ಇಲ್ಲಿ ಹೊಡೀರಿ. ಇಲ್ಲಿ ಗಾರೆ ಸಡಿಲ ಇದೆ.’

ಸ್ಟ್ಯಾಂಡಿನ ಹಿಂದೆ ತಟ್ಟೆಯಗಲದ ತೇಪೆ. ಬಣ್ಣ ಬೇರೆ, ಮೇಲೆ ಬೆರಳಿನ ಗುರುತು ಹಾಗೇ ಇತ್ತು.

ಭಾವನ ಬಾಯಿಂದ ಮೊದಲು ಬಂದದ್ದು, ‘ಥೂ, ಇಷ್ಟು ಕೆಟ್ಟದಾಗಿ ಮೆತ್ತಿದ್ಯಾರು?’

‘ನಾನೇ. ಮೊಳೆ ಹೊಡೆಯೋಕೆ ಹೋದೆ, ಗಾರೆ ಜೊತೆ ಕಲ್ಲಿನ ಚಕ್ಕೆನೂ ಕಿತ್ತುಬಂತು. ಒಳಗೆ ನೆರಿಗೆ ಕಾಣಿಸ್ತು. ಮುಚ್ಚಿದೆ.’

‘ಯಾವಾಗ?’

‘ಮಗಳಿಗೆ ಹಲ್ಲು ಬರೋ ಹೊತ್ತಿಗೆ.’

ಆ ಮಗಳಿಗೆ ಈಗ ಮಗಳಿದ್ದಾಳೆ. ಭಾವ ಅಕ್ಕನತ್ತ ತಿರುಗಿದರು. ‘ಇಷ್ಟು ವರ್ಷ ನಾನು ಹೇಳ್ಕೊಂಡಿದ್ದನ್ನೆಲ್ಲ ಕೇಳ್ಕೊಂಡು ಸುಮ್ನೆ ಇದ್ಯಾ?’

‘ನೀವೇ ಹೇಳ್ತೀರೇನೋ ಅಂತ ಕಾದೆ. ಹೊಡೀರಿ, ಜನ ನಿಂತಿದ್ದಾರೆ.’

ಭಾವ ಹೊಡೆದರು. ತೇಪೆ ಉದುರಿತು, ಸುತ್ತಲಿನ ಗಾರೆಯೂ ಬಂತು. ಒಂದು ಕಲ್ಲನ್ನು ಮೀಟಿ ಹೊರಗೆಳೆದು ತಿರುಗಿಸಿದರು. ಮೊಳದುದ್ದದ ನೆರಿಗೆ, ಅದೇ ತಾನೇ ಬಿಚ್ಚಿದಂತೆ ಹರಡಿಕೊಂಡಿತ್ತು. ಅದರ ಹಿಂದೆ ಇನ್ನೊಂದು, ಪಕ್ಕದಲ್ಲಿ ಮತ್ತೊಂದು. ಮೇಡಂ ಒಲೆಯ ಪಕ್ಕ ನೆಲದ ಮೇಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು. ಅಧಿಕಾರಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಪಂಕ್ಚರ್ ಅಣ್ಣ ಕಲ್ಲುಗಳನ್ನು ಒಂದೊಂದಾಗಿ ನೋಡಿ ನಿಧಾನವಾಗಿ ಹೇಳಿದ, ‘ನಂದು ಒಂದೇ ಇತ್ತು ಮೇಸ್ತ್ರಿ.’

ಭಾವ ಬಗ್ಗಿ ಉಳಿಯನ್ನು ನೆಲದ ಮೇಲಿಟ್ಟರು. ಅವರನ್ನು ಕಂಡು ನನಗೆ ಅಯ್ಯೋ ಪಾಪ ಎನಿಸಿದ್ದು ಅದೇ ಮೊದಲು.

ಗುಡ್ಡದ ಕೆಲಸ ನಿಂತಿತು. ಬುಡ ಅಗೆದು ನೋಡಿದರು, ನೆರಿಗೆಯ ಪದರ ಅಲ್ಲೂ ಸಿಕ್ಕಿತು. ಉಲ್ಕೆಯ ಕುಳಿ ಎಂದು ತೀರ್ಮಾನವಾಯಿತು. ಅಧ್ಯಕ್ಷರು ಮತ್ತೊಂದು ಸಮಾರಂಭ ಮಾಡಿ, ಗುಡ್ಡವನ್ನು ಇಷ್ಟಾದರೂ ಉಳಿಸಿಕೊಟ್ಟದ್ದಕ್ಕೆ ಕ್ವಾರಿ ಸಾಹುಕಾರರಿಗೇ ಶಾಲು ಹೊದಿಸಿದರು. ಕಲ್ಲು ಬಿದ್ದರೂ ಬೆಟ್ಟ ಎದ್ದರೂ ನಮ್ಮ ಊರಿನ ಶಾಲು ಬೀಳುವ ಹೆಗಲು ಬದಲಾಗದು.

ಆಮೇಲೆ ಮೇಡಂ ಜೊತೆ ಭಾವ ಮನೆಮನೆಗೆ ಹೋದರು, ತಾವೇ ಬಾಗಿಲು ತಟ್ಟಿ ‘ನಿಮ್ಮ ಗೋಡೇಲೂ ಇದೆ, ಕ್ಷಮಿಸಿ’ ಎಂದು ಹೇಳಲು. ಬೈಗುಳಕ್ಕೆ ಸಿದ್ಧವಾಗಿಯೇ ಹೋದದ್ದು. ಆದರೆ ಒಂದು ಮನೆಯಲ್ಲಿ ಬೀರು ಸರಿಸಿದರೆ ತೇಪೆ, ಇನ್ನೊಂದರಲ್ಲಿ ಕನ್ನಡಿ ತೆಗೆದರೆ ತೇಪೆ. ‘ನಮಗೆ ಗೊತ್ತಿತ್ತು ಬಿಡಿ,’ ಎಂದಳು ಅಂಚೆಯವನ ಹೆಂಡತಿ. ‘ಬಾಯಿ ಬಿಟ್ಟಿದ್ರೆ ನಮ್ಮ ಮನೆಗೇ ಬೆಲೆ ಹೋಗ್ತಿತ್ತು.’ ಹಲ್ಲಿನ ಡಾಕ್ಟರ ಮನೆಯಲ್ಲಿ ಅವರ ತಾಯಿ, ‘ನೀವು ಬಂದು ಗೋಡೆ ಸವರಿ ಅಷ್ಟು ಖುಷಿ ಪಡ್ತಿದ್ರಿ, ಯಾಕೆ ಬೇಜಾರು ಮಾಡೋದು ಅಂತ ಸುಮ್ನಿದ್ವಿ’ ಎಂದರಂತೆ. ಊರಿಗೆ ಊರೇ ಅವರ ಗುಟ್ಟನ್ನು ಹೊಟ್ಟೆಗೆ ಹಾಕಿಕೊಂಡು, ಅವರ ಬಡಾಯಿಗೆ ತಲೆಯಾಡಿಸುತ್ತಾ ಬಂದಿತ್ತು.

ಆ ಸಂಜೆ ಭಾವ ಬಂದು ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತರು. ಬೀದಿ ನೋಡುತ್ತಾ ಕೇಳಿದರು.

‘ನಿನಗೂ ಗೊತ್ತಿತ್ತೇನೇ?’

ಗೊತ್ತಿತ್ತು ಎನ್ನಬೇಕೆಂದು ನಾಲಿಗೆ ತುದಿಗೆ ಬಂತು. ಊರಿನ ಹುಳುಕನ್ನೆಲ್ಲ ಆಡಿಕೊಂಡು ನಗುವವಳು ನಾನು. ಭಾವನನ್ನು ಆಡಿಕೊಂಡಷ್ಟು ಇನ್ಯಾರನ್ನೂ ಆಡಿಕೊಂಡವಳಲ್ಲ. ಆದರೆ ಅವರ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

‘ಇಲ್ಲ ಭಾವ. ನಾನು ನಂಬಿದ್ದೆ.’

‘ಪ್ರತಿಯೊಂದು ಮಾತೂ?’

‘ಪ್ರತಿಯೊಂದು ಮಾತೂ.’

ಭಾವ ಸಡಗರದಿಂದ ಎದ್ದು ನಿಂತು ಒಳಗೆ ಕೂಗಿದರು, ‘ಕೇಳಿಸ್ತೇನೇ? ನಿನ್ನ ತಂಗಿ ನಂಬಿದ್ಲಂತೆ!’

ಅಡುಗೆಮನೆಯಿಂದ ಅಕ್ಕನ ದನಿ ಬಂತು. ‘ಅದೂ ಎಲ್ರಿಗೂ ಗೊತ್ತಿತ್ತು. ಅವಳಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾಳೆ ಅಂತ ಊರಿಗೆಲ್ಲ ನಾನೇ ಹೇಳಿಟ್ಟಿದ್ದೆ.’